ದೂರ ಹೋದರೂ ದಿಕ್ಕು ತಪ್ಪದಿರಲಿ



*ಇಂದಿನ ಧಮ್ಮ ಚಿಂತನೆ*



ನಮ್ಮ ಮಿಶ್ರಿಕೋಟಿಯಂಥ ಊರುಗಳಿಂದ ಮಕ್ಕಳು ಓದಿ ಹೊರಗೆ ಹೋಗುತ್ತಿದ್ದಾರೆ. ಒಬ್ಬ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ, ಒಬ್ಬ ಗೋವಾಕ್ಕೆ, ಒಬ್ಬ ಪುಣೆಗೆ, ಮತ್ತೊಬ್ಬ ಸಮುದ್ರ ದಾಟಿ ದುಬೈಗೆ. ಆಗ ಒಂದು ಪ್ರಶ್ನೆ ಏಳುತ್ತದೆ. ನೌಕರಿ, ಸಂಬಳ, ಹೆಂಡತಿ ಮಕ್ಕಳು ಎಂದು ಬದುಕುವವನಿಗೆ ಧಮ್ಮಕ್ಕೆ ಹೊತ್ತೆಲ್ಲಿ? ಊರು ಬಿಟ್ಟವನಿಗೆ ಸಮಾಜದ ಋಣ ನೆನಪಿರುತ್ತದೆಯೇ?

ಇದಕ್ಕೆ ರಾಜು ಕಾಂಬಳೆ ಅವರ ಬದುಕು ಒಂದು ಉತ್ತರ. ಅವರು ನಾಗಪುರದವರು, ಕೆಮಿಕಲ್ ಎಂಜಿನಿಯರ್. ತೈಲ ಉದ್ಯಮದ ಕೆಲಸ ಅವರನ್ನು ದೇಶದಿಂದ ದೇಶಕ್ಕೆ ಕರೆದೊಯ್ದಿತು. 1990ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಅಲ್ಲಿನ ಗೆಳೆಯರನ್ನು ಸೇರಿಸಿ ‘ಅಂಬೇಡ್ಕರ್ ಇಂಟರ್‌ನ್ಯಾಷನಲ್ ಮಿಷನ್’ ಕಟ್ಟಿದರು. ಅದು ಮುಂದೆ ಬೇರೆ ದೇಶಗಳಿಗೂ ಹಬ್ಬಿತು. 2018ರ ಆಗಸ್ಟ್‌ನಲ್ಲಿ ಕೆನಡಾದಲ್ಲಿ ತೀರಿಕೊಂಡರು. ಅವರು ಚೀವರ ತೊಡಲಿಲ್ಲ, ನೌಕರಿಯನ್ನು ಹಳಿಯಲಿಲ್ಲ. ದುಡಿಯುತ್ತಲೇ ಬಾಬಾಸಾಹೇಬರ ಕೆಲಸ ಮಾಡಿದರು.

ಇದು ಧಮ್ಮಕ್ಕೆ ಹೊಸದಲ್ಲ. ಕೋಲಿಯ ಕುಲದ ದೀಘಜಾಣು ಎಂಬ ಗೃಹಸ್ಥ ಭಗವಾನ್ ಬುದ್ಧರ ಬಳಿ ಬಂದು, ನಾವು ಹೆಂಡತಿ ಮಕ್ಕಳೊಡನೆ ಬದುಕುವ ಸಂಸಾರಿಗಳು, ನಮಗೇನು ದಾರಿ ಎಂದು ಕೇಳಿದ. ಬುದ್ಧರು ಅವನಿಗೆ ಮನೆ ಬಿಡು ಎನ್ನಲಿಲ್ಲ. ನಾಲ್ಕು ಮಾತು ಹೇಳಿದರು: ಕಸುಬಿನಲ್ಲಿ ಶ್ರಮವೂ ನೈಪುಣ್ಯವೂ ಇರಲಿ, ನ್ಯಾಯವಾಗಿ ಗಳಿಸಿದ್ದನ್ನು ಕಾಪಾಡಿಕೊ, ಒಳ್ಳೆಯವರ ಸಂಗ ಮಾಡು, ಆದಾಯ ಅರಿತು ವೆಚ್ಚ ಮಾಡು. ಇದರ ಜೊತೆಗೇ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಬೆಳೆಸಿಕೊಳ್ಳಲು ಹೇಳಿದರು. ಪ್ರಾಮಾಣಿಕವಾಗಿ ಮಾಡುವ ಪಾಳಿಯ ಕೆಲಸವೂ ಧಮ್ಮದ ಹೊರಗಿಲ್ಲ.

ಹಾಗಾದರೆ ಮನೆ? ರಾಜಗೃಹದಲ್ಲಿ ಸಿಗಾಲನೆಂಬ ಯುವಕ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕಿಗೆ ಕೈ ಮುಗಿಯುತ್ತಿದ್ದ. ಸಾಯುವಾಗ ತಂದೆ ಹೇಳಿದ್ದನೆಂದು ಮಾಡುತ್ತಿದ್ದ. ಬುದ್ಧರು ದಿಕ್ಕುಗಳ ಅರ್ಥವನ್ನೇ ಬದಲಿಸಿದರು. ಪೂರ್ವವೆಂದರೆ ತಂದೆ ತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಕೆಳಗೆ ದುಡಿಯುವವರು, ಮೇಲೆ ಶ್ರಮಣರು. ದಿಕ್ಕಿಗೆ ನಮಸ್ಕಾರ ಮಾಡುವುದೆಂದರೆ ಈ ಜನರ ಬಗ್ಗೆ ಕರ್ತವ್ಯ ಮಾಡುವುದು. ಗಂಡ ಹೆಂಡತಿಯನ್ನು ಗೌರವಿಸಬೇಕು, ಹೀನಾಯವಾಗಿ ಕಾಣಬಾರದು, ಮನೆಯ ಅಧಿಕಾರವನ್ನು ಅವಳಿಗೆ ಕೊಡಬೇಕು ಎಂಬುದು ಅಲ್ಲೇ ಇದೆ. ಇನ್ನೊಂದು ಮಾತು: ಪ್ರತಿ ದಿಕ್ಕಿನ ಕರ್ತವ್ಯವೂ ಎರಡು ಕಡೆಯದು. ಮಗನಿಗೆ ಕರ್ತವ್ಯ ಹೇಳಿದ ಹಾಗೆ ತಂದೆ ತಾಯಿಗೂ ಹೇಳಿದ್ದಾರೆ. ಹೊರಗೆ ದುಡಿಯುವ ಮಗನನ್ನು ಹಣದ ಗಿಡವೆಂದು ತಿಳಿದು, ಮದುವೆಯ ಆಡಂಬರಕ್ಕೆ ಸಾಲ ಮಾಡಿ ಅವನ ತಲೆಗೆ ಕಟ್ಟುವುದೂ ದಿಕ್ಕು ತಪ್ಪುವುದೇ.

ದೂರ ಇರುವವನ ಬದುಕಿನಲ್ಲಿ ಊರಲ್ಲಿ ಉಳಿದವಳ ಪಾಲು ದೊಡ್ಡದು. 1913ರಲ್ಲಿ ಬಾಬಾಸಾಹೇಬರು ಅಮೆರಿಕಕ್ಕೆ ಹೋದಾಗ ಮನೆ ಹೊತ್ತವರು ಮಾತೆ ರಮಾಬಾಯಿ. ಅದೇ ತಾಯಿ ಮುಂದೆ ನಮ್ಮ ಧಾರವಾಡದಲ್ಲಿ ಕೆಲಕಾಲ ತಂಗಿದ್ದಾಗ, ವರಾಳೆಯವರು ನಡೆಸುತ್ತಿದ್ದ ವಿದ್ಯಾರ್ಥಿನಿಲಯದ ಮಕ್ಕಳು ಅನುದಾನ ಬಾರದೆ ಉಪವಾಸವಿರುವುದನ್ನು ಕಂಡು ಕೈಬಳೆ ಬಿಚ್ಚಿಕೊಟ್ಟ ಸಂಗತಿ ನಮ್ಮ ಜಿಲ್ಲೆಯ ಹೆಮ್ಮೆ. ಮನೆ ಎಂಬುದು ನಾಲ್ಕು ಗೋಡೆಗೆ ಮುಗಿಯುವುದಿಲ್ಲ ಎಂದು ಆ ತಾಯಿ ಮಾಡಿ ತೋರಿಸಿದರು.

ಈಗ ಸಂಬಳದ ಮಾತು. ತೈಲ ಶುದ್ಧೀಕರಣ ಘಟಕದಲ್ಲಿ ಕಚ್ಚಾ ತೈಲವನ್ನು ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರಾದ ಅನಿಲ ತುದಿಗೆ ಏರುತ್ತದೆ. ಅದರ ಕೆಳಗೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ತಮ್ಮ ತಮ್ಮ ಮಟ್ಟದಲ್ಲಿ ಬೇರೆಯಾಗುತ್ತವೆ. ತಳದಲ್ಲಿ ಉಳಿದದ್ದು ಹುಬ್ಬಳ್ಳಿ–ಕಾರವಾರ ರಸ್ತೆಯಂಥ ರಸ್ತೆಗಳಿಗೆ ಡಾಂಬರಾಗುತ್ತದೆ. ಬೇರ್ಪಡಿಸಿದರೆ ಎಲ್ಲವೂ ಉಪಯೋಗ, ಬೇರ್ಪಡಿಸದಿದ್ದರೆ ಕಪ್ಪು ರಾಡಿ. ಸಂಬಳವೂ ಹಾಗೆಯೇ. ಸಿಗಾಲನಿಗೆ ಬುದ್ಧರು ಹೇಳಿದ್ದು ನಾಲ್ಕು ಪಾಲು: ಒಂದು ಪಾಲು ಜೀವನಕ್ಕೆ, ಎರಡು ಪಾಲು ಕಸುಬಿಗೆ, ಒಂದು ಪಾಲು ಆಪತ್ತಿಗೆ. ನೌಕರಿಯವರಾದ ನಮಗೆ ಕಸುಬಿನ ಪಾಲೆಂದರೆ ಮಕ್ಕಳ ವಿದ್ಯೆ ಎಂದು ನಾನು ತಿಳಿಯುತ್ತೇನೆ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ದೀಕ್ಷೆಯ ಮರುದಿನ ಬಾಬಾಸಾಹೇಬರು ಗಳಿಕೆಯ ಇಪ್ಪತ್ತನೆಯ ಒಂದು ಪಾಲನ್ನು ಧಮ್ಮಕಾರ್ಯಕ್ಕೆ ಕೊಡಲು ಕೇಳಿದರು. ಇಪ್ಪತ್ತು ಸಾವಿರ ದುಡಿಯುವವನಿಗೆ ಅದು ಒಂದು ಸಾವಿರ. ಒಬ್ಬ ಬಡ ಹುಡುಗಿಯ ಬಸ್ ಪಾಸು, ಪುಸ್ತಕಗಳಿಗೆ ಅಷ್ಟು ಸಾಕಾಗಬಹುದು.

ಅದೇ ವರ್ಷ ಮಾರ್ಚ್‌ನಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು, ಓದಿದವರೇ ತಮ್ಮನ್ನು ವಂಚಿಸಿದರು ಎಂದು ನೊಂದು ನುಡಿದಿದ್ದರು. ಆ ನೋವು ಇನ್ನೂ ತೀರಿಲ್ಲ. ಪಟ್ಟಣದಲ್ಲಿ ಮನೆ ಕಟ್ಟಿ, ಕೇರಿಯ ಹೆಸರು ಮುಚ್ಚಿಟ್ಟು, ಊರಿನ ಫೋನು ಬಂದರೆ ಎತ್ತದವರು ನಮ್ಮಲ್ಲಿಯೂ ಇದ್ದಾರೆ. ಅವರನ್ನು ಬೈದು ಫಲವಿಲ್ಲ. ಮುಂದೆ ಹೋಗುವ ಮಗುವಿಗೆ ಪೆಟ್ಟಿಗೆ ಕಟ್ಟಿಕೊಡುವಾಗಲೇ ಈ ಮಾತನ್ನೂ ಕಟ್ಟಿಕೊಡೋಣ: ಎಷ್ಟು ದೂರ ಹೋಗುತ್ತೀಯೋ ಹೋಗು, ಆರು ದಿಕ್ಕು ನಿನ್ನ ಜೊತೆಗೇ ಬರುತ್ತವೆ.

*ಇಂದಿನ ಅಭ್ಯಾಸ:* ಹೊರಗಿರುವವರು ಇಂದು ಮನೆಗೆ ಫೋನು ಮಾಡಿ. ದುಡ್ಡಿನ ಮಾತು ಬೇಡ, ಹೆಂಡತಿಯ, ತಾಯಿಯ ಆರೋಗ್ಯ ಕೇಳಿ. ಊರಲ್ಲಿರುವವರು ಹೊರಗಿರುವ ಮಗನನ್ನು “ಉಂಡ್ಯಾ?” ಎಂದು ಕೇಳಿ. ಈ ತಿಂಗಳ ಇಪ್ಪತ್ತನೆಯ ಪಾಲು ಯಾವ ಮಗುವಿಗೆ ಎಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್. ನಮೋ ಬುದ್ಧಾಯ.