ವಾಪಸು ಬಂದ ರೈಲು

ಅಮೆರಿಕದ ನ್ಯೂಜೆರ್ಸಿಯ ಜ್ಯಾಕ್ಸನ್‌ನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಎಂಬ ಪಾರ್ಕಿದೆ. ಅಲ್ಲಿನ ಕಿಂಗ್ಡಾ ಕಾ ರೋಲರ್ ಕೋಸ್ಟರ್ 2005ರ ಮೇ ತಿಂಗಳಲ್ಲಿ ಶುರುವಾದಾಗ ಅದಕ್ಕಿಂತ ಎತ್ತರದ್ದಾಗಲಿ ವೇಗದ್ದಾಗಲಿ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ಉಕ್ಕಿನ ಗೋಪುರದ ಎತ್ತರ 139 ಮೀಟರ್. ನಿಂತಲ್ಲಿಂದ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ. ವೇಗದ ದಾಖಲೆ 2010ರಲ್ಲಿ ಅಬುಧಾಬಿಯ ಫಾರ್ಮುಲಾ ರೋಸಾದ ಪಾಲಾಯಿತು. ಎತ್ತರದ ದಾಖಲೆ ಮಾತ್ರ ಕೊನೆಯ ಓಟದವರೆಗೂ ಇದರದ್ದೇ ಆಗಿತ್ತು.

ಕಿಂಗ್ಡಾ ಕಾ ಎಂದರೆ ಎಲ್ಲರೂ ಈ ಅಂಕಿಗಳನ್ನೇ ಹೇಳುತ್ತಾರೆ. ನನಗೆ ನೆನಪಾಗುವುದು ಮಾತ್ರ ಆ ರೈಲು ತುದಿ ದಾಟಲಾರದೆ ವಾಪಸು ಬಂದ ಮಧ್ಯಾಹ್ನ.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ತಂಗಿಯ ಮಗ ನನ್ನನ್ನು ಕರೆದುಕೊಂಡು ಹೋಗಿದ್ದ. ಬೇಲಿಯ ಪಕ್ಕ ಸಾಲಿನಲ್ಲಿ ನಿಂತಿದ್ದೆವು. ರೈಲು ಸದ್ದು ಮಾಡುತ್ತಾ ನುಗ್ಗಿತು, ನೆಟ್ಟಗೆ ಮೇಲೇರಿತು, ಏರುತ್ತಾ ಏರುತ್ತಾ ನಿಧಾನವಾಯಿತು. ತುದಿಯ ಬಳಿ ಒಂದು ಗಳಿಗೆ ಅಲ್ಲಾಡದೆ ನಿಂತುಬಿಟ್ಟಿತು. ಆಮೇಲೆ ಬಂದ ದಾರಿಯಲ್ಲೇ ಹಿಂದು ಹಿಂದಕ್ಕೆ ಜಾರಿತು. ನನ್ನ ಎದೆ ಧಸಕ್ಕೆಂದಿತು. ಸಾಲಿನಲ್ಲಿದ್ದವರು ಮಾತ್ರ ಕುಣಿದಾಡುತ್ತಿದ್ದರು. ಹುಡುಗ ನನ್ನ ಕೈ ಹಿಡಿದು ಜಗ್ಗಿದ: "ದೊಡ್ಡಮ್ಮಾ, ರೋಲ್‌ಬ್ಯಾಕ್! ಅವ್ರಿಗೆ ಲಾಟ್ರಿ ಹೊಡೀತು. ಇನ್ನೊಂದು ಸಲ ಬಿಡ್ತಾರೆ!" ಕೆಳಗೆ ಬಂದ ರೈಲು ಮೆಲ್ಲಗೆ ತಡೆದು ನಿಂತಿತು. ಒಳಗಿದ್ದವರು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದರು.

ಆ ಸಂಭ್ರಮ ನನಗೆ ಅರ್ಥವಾಗಲು ಯಂತ್ರದ ಒಳಗುಟ್ಟು ತಿಳಿಯಬೇಕಾಯಿತು. ಪಂಪುಗಳು ಒತ್ತಿದ ಎಣ್ಣೆ ಸಿಲಿಂಡರುಗಳಲ್ಲಿನ ನೈಟ್ರೋಜನ್ ಅನಿಲವನ್ನು ಅದುಮಿಡುತ್ತದೆ. ಬಿಟ್ಟ ಕೂಡಲೇ ಆ ಒತ್ತಡ ಮೋಟಾರುಗಳನ್ನು ತಿರುಗಿಸಿ, ದೊಡ್ಡ ಉರುಳೆಗೆ ಉಕ್ಕಿನ ಹಗ್ಗ ಸುತ್ತಿಸಿ ರೈಲನ್ನು ಎಳೆಯುತ್ತದೆ. ಎಳೆತ ಮುಗಿದ ಮೇಲೆ ರೈಲಿಗೆ ಯಾರ ಸಹಾಯವೂ ಇಲ್ಲ, ಪಡೆದ ವೇಗದಲ್ಲೇ ಗೋಪುರ ಏರಬೇಕು. ಹಾಗಾದರೆ ಇನ್ನಷ್ಟು ಬಲ ಕೊಟ್ಟರಾಯಿತಲ್ಲ? ಕೊಟ್ಟರೆ ತುದಿಯನ್ನು ಅತಿ ವೇಗದಲ್ಲಿ ದಾಟಿ, ಕೂತವರ ಮೈ ಆಸನದಿಂದ ಕಿತ್ತುಬರುವಂತಾಗುತ್ತದೆ. ಅದಕ್ಕೇ ತುದಿ ದಾಟಲು ಎಷ್ಟು ಬೇಕೋ ಅದಕ್ಕಿಂತ ತುಸುವೇ ಹೆಚ್ಚಿನ ಬಲ. ಎದುರುಗಾಳಿ ಜೋರಾಗಿದ್ದರೆ ಅಷ್ಟು ಬಲ ಸಾಲದೆಯೂ ಹೋಗಬಹುದು.

ಇದು ತಿಳಿದಾಗ ಆ ಯಂತ್ರದ ಬಗ್ಗೆ ನನಗೆ ಗೌರವ ಹುಟ್ಟಿತು. ಪ್ರತಿ ಸಲವೂ ಗೆಲ್ಲಲೇಬೇಕೆಂದು ಹಟ ಹಿಡಿದಿದ್ದರೆ ಒಳಗೆ ಕೂತವರು ನೋಯಬೇಕಿತ್ತು. ಅವರಿಗೆ ನೋವಾಗಬಾರದೆಂದು ಒಮ್ಮೊಮ್ಮೆ ಸೋಲುವುದನ್ನು ಎಂಜಿನಿಯರುಗಳು ಒಪ್ಪಿಕೊಂಡರು. ಒಪ್ಪಿಕೊಂಡು ಸುಮ್ಮನಾಗಲೂ ಇಲ್ಲ. ರೈಲು ಮುಂದಕ್ಕೆ ಹಾಯುವಾಗ ತಗ್ಗಿಕೊಂಡಿದ್ದ ಬ್ರೇಕ್ ಪಟ್ಟಿಗಳು, ಅದು ದಾಟಿದ್ದೇ ತಡ, ಹಿಂದೆ ಹಿಂದೆಯೇ ಎದ್ದು ನಿಲ್ಲುತ್ತಿದ್ದವು. ಕಾಂತಶಕ್ತಿಯ ಬ್ರೇಕು ಅದು, ಉಜ್ಜದೆ ತಡೆಯುತ್ತದೆ. ರೈಲು ವಾಪಸು ಬರಲಿ, ಬರದಿರಲಿ, ಪ್ರತಿ ಓಟದಲ್ಲೂ ಅವು ಏಳುತ್ತಿದ್ದವು. ಸಾಲಿನಲ್ಲಿದ್ದವರಿಗೆ ಆ ವಿಶ್ವಾಸವಿದ್ದದ್ದರಿಂದಲೇ ವಾಪಸು ಬಂದವರನ್ನು ಅದೃಷ್ಟವಂತರೆಂದರು. ನಮ್ಮ ಮಕ್ಕಳನ್ನು ಪರೀಕ್ಷೆಗೆ ಕಳಿಸುವಾಗ ನಾವು ಬಲ ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದಿಲ್ಲ. ಅವರು ಜಾರಿ ಬಂದರೆ ಮೆಲ್ಲಗೆ ತಡೆದುಕೊಳ್ಳಲು ಮನೆಯಲ್ಲಿ ಏನು ಏರ್ಪಾಡು ಮಾಡಿಟ್ಟಿದ್ದೇವೆ ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ.

ಕಿಂಗ್ಡಾ ಕಾ ಬಾಳು ಸುಗಮವಾಗಿರಲಿಲ್ಲ. ಶುರುವಾದ ವರ್ಷವೇ ಜೂನ್‌ನಲ್ಲಿ ಕೆಟ್ಟು ಆಗಸ್ಟ್‌ವರೆಗೆ ನಿಂತಿತ್ತು, 2009ರಲ್ಲಿ ಸಿಡಿಲು ಬಡಿದು ಮತ್ತೆ ನಿಂತಿತು. ಅರ್ಧ ನಿಮಿಷದ ಓಟಕ್ಕೆ ಜನ ಗಂಟೆಗಟ್ಟಲೆ ಕಾದರು. ಅಷ್ಟು ಕಾದರೂ ಬೇಸರಿಸದೆ ಮತ್ತೆ ಬಂದರು.

ಅಂಥ ಜನರಿಗೆ ಅದರ ಕೊನೆಯ ದಿನವನ್ನು ಮುಂಚೆ ತಿಳಿಸಲಿಲ್ಲ. 2024ರ ನವೆಂಬರ್ 10ರಂದು ಅದು ಕಡೆಯ ಸಲ ಓಡಿತು, ಇನ್ನು ಓಡುವುದಿಲ್ಲ ಎಂಬ ಪ್ರಕಟಣೆ ಬಂದದ್ದು 14ರಂದು. ಅಂದು ಹತ್ತಿದವರಿಗೆ ಅದು ಕೊನೆಯದೆಂದು ಗೊತ್ತಿರಲಿಲ್ಲ. 2025ರ ಫೆಬ್ರವರಿ 28ರ ಬೆಳಿಗ್ಗೆ ಸ್ಫೋಟಕ ಇಟ್ಟು ಗೋಪುರವನ್ನು ಉರುಳಿಸಿದರು.

ಹಳೆಯದನ್ನು ತೆಗೆಯುವುದು ತಪ್ಪಲ್ಲ, ಯಂತ್ರಕ್ಕೂ ಆಯಸ್ಸು ಮುಗಿಯುತ್ತದೆ. ಆದರೆ ರೈಲು ವಾಪಸು ಬಂದರೆ ಏನು ಗತಿ ಎಂದು ಅಷ್ಟು ಮೊದಲೇ ಯೋಚಿಸಿದ ಆಟವನ್ನು ಮುಚ್ಚುವಾಗ, ಅದನ್ನು ಪ್ರೀತಿಸಿದವರ ಬಗ್ಗೆಯೂ ಅಷ್ಟೇ ಮೊದಲು ಯೋಚಿಸಬೇಕಿತ್ತು. ಒಂದು ವಾರ ಮುಂಚೆ ಹೇಳಿದ್ದರೂ ಸಾಕಿತ್ತು.