ನಾಲಗೆಗೆ ಸಿಹಿ, ಲೆಕ್ಕಕ್ಕೆ ಸಪ್ಪೆ

ಮಂಡ್ಯ ಜಿಲ್ಲೆಯ ಭಾರತೀನಗರ ಸುತ್ತಲಿನವರ ಬಾಯಲ್ಲಿ ಇಂದಿಗೂ ಕೆ.ಎಂ.ದೊಡ್ಡಿಯೇ. ಕಬ್ಬು ಅರೆಯುವ ಕಾಲ ಬಂದರೆ ಇಲ್ಲಿನ ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆಯ ಕಡೆಗೆ ಟ್ರ್ಯಾಕ್ಟರು, ಎತ್ತಿನಗಾಡಿಗಳು ಹೊರಡುತ್ತವೆ. ಹಿಂದಿನಿಂದ ಒಂದು ಜಲ್ಲೆ ಎಳೆದುಕೊಂಡ ಹುಡುಗರನ್ನು ಕಳ್ಳರೆಂದು ಯಾರೂ ಕರೆಯುವುದಿಲ್ಲ. ಅವರು ತುದಿಯನ್ನು ಮುರಿದೆಸೆದು ಬುಡವನ್ನು ಸಿಗಿಯುತ್ತಾರೆ. ಬುಡ ಸಿಹಿ, ತುದಿ ಸಪ್ಪೆ ಎಂದು ತಿಳಿಯಲು ಹಲ್ಲು ಸಾಕು.

ಕಾರ್ಖಾನೆಗೆ ಹಲ್ಲು ಸಾಲದು. ಶಾಲೆಯ ವ್ಯಾಕರಣದಲ್ಲಿ ಸಿಹಿ ಗುಣವಾಚಕ. ಗೇಟು ದಾಟಿದರೆ ಸಂಖ್ಯಾವಾಚಕ. ಅಲ್ಲಿ ಅದರ ಹೆಸರು ರಿಕವರಿ: ನೂರು ಕೆ.ಜಿ. ಕಬ್ಬಿಗೆ ಎಷ್ಟು ಕೆ.ಜಿ. ಸಕ್ಕರೆ ಬಂತು ಎಂಬ ಲೆಕ್ಕ. ವಿಚಿತ್ರವೆಂದರೆ ಈ ಎರಡು ಸಿಹಿಗಳು ಒಂದೇ ಅಲ್ಲ. ಕಾರ್ಖಾನೆಗೆ ಬೇಕಾದದ್ದು ಹರಳುಗಟ್ಟುವ ಸುಕ್ರೋಸ್. ಕಡಿದ ಕಬ್ಬು ಬಿಸಿಲಲ್ಲಿ ಕಾದಷ್ಟೂ ಅದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತಾ ಹೋಗುತ್ತದೆ. ಫ್ರಕ್ಟೋಸ್ ನಾಲಗೆಗೆ ಸುಕ್ರೋಸಿಗಿಂತಲೂ ಸಿಹಿ, ಆದರೆ ಹರಳಾಗದೆ ಕಾಕಂಬಿಯ ಜೊತೆ ಹರಿದುಹೋಗುತ್ತದೆ. ಹಾಗಾಗಿ ಸಾಲಿನಲ್ಲಿ ನಿಂತು ಬಾಡಿದ ಜಲ್ಲೆಯನ್ನು ಜಗಿದ ರೈತನಿಗೆ ಏನು ಕಳೆದುಹೋಯಿತೆಂಬುದೇ ಗೊತ್ತಾಗದು. ಬಾಯಿ ಸಿಹಿ ಎನ್ನುತ್ತದೆ, ಲೆಕ್ಕ ಇಲ್ಲ ಎನ್ನುತ್ತದೆ.

ದುಡ್ಡು ಬರುವುದು ಲೆಕ್ಕಕ್ಕೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇಕಡಾ 10.25 ರಿಕವರಿಗೆ ಟನ್ನಿಗೆ 3,550 ರೂಪಾಯಿ ಗೊತ್ತುಮಾಡಿತು. ಅದಕ್ಕಿಂತ ಹೆಚ್ಚಾದರೆ ಹೆಚ್ಚು ದರ. ಆದರೆ ಈ ರಿಕವರಿ ಇಡೀ ಕಾರ್ಖಾನೆಯ ಸರಾಸರಿ. ಹದವರಿತು ನೀರು ಕಟ್ಟಿ, ಮಾಗಿದಾಗಲೇ ಕಡಿಸಿದವನ ಕಬ್ಬಿಗೂ, ಹೇಗೋ ಬೆಳೆದು ತಂದವನ ಕಬ್ಬಿಗೂ ಒಂದೇ ಅಂಕಿ. ಕಬ್ಬು ಡೊಂಕಾದರೆ ಸಿಹಿ ಡೊಂಕೇ ಎಂದು ಗಾದೆ ಕೇಳುತ್ತದೆ. ಡೊಂಕಿಲ್ಲ ನಿಜ, ಆದರೆ ಯಾವ ಹೊಲದ ಸಿಹಿ ಎಷ್ಟು ಎಂದು ಕೇಳುವವರೂ ಇಲ್ಲ.

ಆಲೆಮನೆಯಲ್ಲಾದರೂ ನಾಲಗೆಗೆ ಬೆಲೆ ಇದ್ದೀತೆ? ಕೊಪ್ಪರಿಗೆಯಲ್ಲಿ ರಸ ಕುದಿಯುವಾಗ ಸುಣ್ಣ ಹಾಕುತ್ತಾರೆ, ಬೆಂಡೆಗಿಡದ ಲೋಳೆ ಬಿಡುತ್ತಾರೆ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದೆಸೆಯುತ್ತಾರೆ. ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಾರೆ. ಇಷ್ಟರವರೆಗೆ ಎಲ್ಲವೂ ಸರಿ. ಆಮೇಲೆ ಬರುವುದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಸಿಹಿಗೂ ಅದಕ್ಕೂ ಸಂಬಂಧವಿಲ್ಲ. ಅದು ಬಣ್ಣ ತೆಗೆಯುವ ಪುಡಿ. ಕೆಲವೆಡೆ ಕಳಪೆ ಸಕ್ಕರೆಯನ್ನೇ ಸುರಿದು ಬೆಲ್ಲ ಮಾಡುವುದೂ ಉಂಟು. ಸಕ್ಕರೆಯ ನಾಡಿನಲ್ಲಿ ಇದಕ್ಕಿಂತ ದೊಡ್ಡ ತಮಾಷೆ ಇನ್ನೇನು ಬೇಕು!

ಆಲೆಮನೆಯವರನ್ನು ಬೈಯುವುದು ಸುಲಭ. ಆದರೆ ಬೆಳ್ಳಗಿನ ಅಚ್ಚಿಗೆ ಹೆಚ್ಚು ದರ ಕೊಡುವುದು ಮಾರುಕಟ್ಟೆ, ಮಾರುಕಟ್ಟೆಯನ್ನು ಹಾಗೆ ಕುಣಿಸುವುದು ಕೊಳ್ಳುವವರ ಕಣ್ಣು. ಗಿರಾಕಿ ಕಂದು ಬೆಲ್ಲ ಕೇಳಿದರೆ ಹೈಡ್ರೋಸ್ ಡಬ್ಬಕ್ಕೆ ದುಡ್ಡು ಸುರಿಯುವ ಹುಚ್ಚು ಯಾವ ಆಲೆಮನೆಯವನಿಗೂ ಇಲ್ಲ. ಅಂಗಡಿಯಲ್ಲಿ ಬಣ್ಣ ನೋಡಿ ಕೈ ಚಾಚುವ ಮುನ್ನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳಿ. ಕೊಡುವುದಿಲ್ಲ ಎಂದರೆ ಆ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.