ಆಯಿತೆಂಬ ಮಾತು

ಕಾರ್ಕಳದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿರಲು ಮೂಡುಬಿದಿರೆಯ ಒಂದು ಚಿಕ್ಕ ಹೋಟೆಲನ್ನು ಹೊಕ್ಕು, "ಅನ್ನ ಆಯಿತೇ?" ಎಂದು ಕೇಳಿದೆನು. "ಆಯಿತು ಸ್ವಾಮೀ, ಕೂತುಕೊಳ್ಳಿ" ಎಂಬ ಉತ್ತರ ಒಳಗಿನಿಂದ ಬಂದಿತು. ಬಾಗಿಲ ಸಂದಿನಲ್ಲಿ ಇಣುಕಿದರೆ ಕುಚ್ಚಲಕ್ಕಿಯ ಗಂಜಿ ನೊರೆಗಟ್ಟಿ ಉಕ್ಕುತ್ತಿದ್ದಿತು.

ಇಂಗ್ಲಿಷಿನ ‘ಡನ್’ ಎಂಬ ಭೂತಕೃದಂತವು ಬೆಂದುದಕ್ಕೂ ಮುಗಿದುದಕ್ಕೂ ಸಲ್ಲುವುದೆಂದು ಶಾಲೆಯಲ್ಲಿ ಕಲಿತಾಗ ಬೆರಗಾಗಿದ್ದೆನು. ನಮ್ಮ ‘ಸಿದ್ಧ’ ಶಬ್ದದ ಹರಹು ಅದಕ್ಕಿಂತ ಹಿರಿದು: ಬೆಂದ ಅನ್ನ ಸಿದ್ಧಾನ್ನ, ಜೈನರಲ್ಲಿ ಅಷ್ಟಕರ್ಮಗಳನ್ನು ಕಳೆದು ಲೋಕಾಗ್ರದಲ್ಲಿ ನೆಲಸಿದ ಜೀವನೂ ಸಿದ್ಧನೇ.

ಆದರೆ ಕ್ರಿಯೆಯೊಂದು ‘ಆದದ್ದು’ ಎನಿಸಿಕೊಳ್ಳುವುದು ಯಾವ ಕ್ಷಣದಲ್ಲಿ? ಶ್ವೇತಾಂಬರರ ಆಗಮಕಥೆಯಲ್ಲಿ, ಅಸ್ವಸ್ಥನಾದ ಜಮಾಲಿಯು ಹಾಸಿಗೆ ಹಾಸಿಯಾಯಿತೇ ಎಂದು ಕೇಳಿ, ಹಾಸುತ್ತಿರುವುದನ್ನು ಕಂಡು, ಮಾಡಲ್ಪಡುತ್ತಿರುವುದು ಮಾಡಿದ್ದೇ ಎಂಬ ಮಹಾವೀರನ ಮತವನ್ನು ತೊರೆದನು. ಅವನನ್ನು ಅನುಸರಿಸಿದ ಪ್ರಿಯದರ್ಶನೆಯ ವಸ್ತ್ರದ ಮೇಲೆ ಢಂಕನೆಂಬ ಕುಂಬಾರನು ಕೆಂಡವನ್ನು ಕೆಡಹಿದನು. "ಬಟ್ಟೆ ಸುಟ್ಟಿತು!" ಎಂದು ಆಕೆ ಕೂಗಿಕೊಂಡಳು. ಸುಡುತ್ತಿರುವುದು ಸುಟ್ಟದ್ದಲ್ಲವೆಂಬುದಲ್ಲವೇ ನಿಮ್ಮ ಮತ ಎಂದು ಅವನು ಕೇಳಲು, ಆಕೆ ಮಹಾವೀರನ ಬಳಿಗೆ ಮರಳಿದಳು. ಪ್ರಿಯದರ್ಶನೆ ಮಹಾವೀರನ ಮಗಳೆಂದೂ ಜಮಾಲಿ ಅಳಿಯನೆಂದೂ ಆ ಕಥೆ ಹೇಳುವುದರಿಂದ, ಸ್ವಾಮಿಯು ವಿವಾಹವನ್ನೇ ಆಗಲಿಲ್ಲವೆನ್ನುವ ದಿಗಂಬರರ ಈ ಊರಿನಲ್ಲಿ ಅದಕ್ಕೆ ಮನ್ನಣೆಯಿಲ್ಲ.

ಮನ್ನಣೆಯಿಲ್ಲದಿದ್ದರೇನು, ವಿಚಾರ ಇಲ್ಲಿಯೂ ಉಂಟು. ವೈಯಾಕರಣರೂ ಆಗಿದ್ದ ನಮ್ಮ ಕನ್ನಡನಾಡಿನ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ನೈಗಮನಯವೆಂಬ ದೃಷ್ಟಿಗೆ ಕೊಡುವ ನಿದರ್ಶನವೂ ಅನ್ನದ್ದೇ: ಸೌದೆ ನೀರುಗಳನ್ನು ಹೊಂದಿಸುತ್ತಿರುವವನು, ಏನು ಮಾಡುತ್ತಿರುವೆ ಎಂದರೆ, ಅನ್ನ ಬೇಯಿಸುತ್ತಿರುವೆನೆನ್ನುತ್ತಾನೆ. ಸಂಕಲ್ಪವೇ ಅಲ್ಲಿ ಕ್ರಿಯೆ. ಈ ಊರಿನ ಸಾವಿರ ಕಂಬದ ಬಸದಿಯನ್ನು 1430ರಲ್ಲಿ ಕಟ್ಟಿಸಿದರೆನ್ನುತ್ತೇವೆ. ಭೈರಾದೇವಿ ಮಂಟಪ ಸೇರಿದ್ದು ಆ ಬಳಿಕ. ಆದರೂ ಆ ‘ಕಟ್ಟಿಸಿದ’ ಎಂಬುದನ್ನು ಸುಳ್ಳೆನ್ನುವವರಿಲ್ಲ.

ಇದು ಕೇವಲ ವ್ಯಾಕರಣದ ವಿನೋದವೆಂದು ನಾನು ಎಣಿಸಲಾರೆ. ಮುಗಿದ ಮೇಲೆಯೇ ಕೃತ್ಯವೆಂದಾದರೆ, ಎತ್ತಿದ ಕೈ ತಗಲುವ ತನಕ ಹಿಂಸಕನು ನಿರ್ದೋಷಿಯಾಗಿಬಿಡುತ್ತಾನೆ. ಪ್ರಮಾದಯುಕ್ತವಾದ ಮನೋವಾಕ್ಕಾಯಗಳಲ್ಲಿಯೇ ಹಿಂಸೆಯ ಬೇರನ್ನು ಕಾಣುವ ಜೈನರು ಅದನ್ನು ಒಪ್ಪುವುದೆಂತು? ಇನ್ನು ಈ ಸೀಮೆಯ ಆಡುಮಾತಂತೂ ಎಂದೋ ಮಹಾವೀರನ ಪಕ್ಷವನ್ನು ಸೇರಿದೆ. ಅಂಗಳದಲ್ಲಿ ಕರೆದರೆ, ಕಾಲು ಇನ್ನೂ ಹೊಸ್ತಿಲ ಒಳಗಿರುವಾಗಲೇ, "ಬಂದೆ" ಎನ್ನುತ್ತೇವೆ, ತುಳುವಿನಲ್ಲಿ "ಬತ್ತೆ".

ಹೋಟೆಲಿನವನೂ ಸುಳ್ಳಾಡಿದವನಲ್ಲ. ಆದರೆ ಎಲೆಯ ಮೇಲೆ ಅನ್ನ ಬೀಳುವಷ್ಟರಲ್ಲಿ ಕಾರ್ಕಳದ ಬಸ್ಸು ಹೊರಟುಹೋಗಿದ್ದಿತು.